ನಾಲ್ಕು ಮಿಲಿಮೀಟರಿನ ಒಂದು ಸ್ಕ್ರೂ

ಹಳೇ ಸೈಕಲ್‌ನ ಡಿರೈಲರ್‌ಗೆ ಒಂದು ಸ್ಕ್ರೂ ಹುಡುಕೋದು ಏನು ಮಹಾ ಕೆಲಸ ಅಂತ ಅನ್ನಿಸಬಹುದು. ನನಗೆ ಮೂರು ಶನಿವಾರ ಹಿಡಿಯಿತು.

ಸೈಕಲ್ ಮೈಸೂರಿನ ನಮ್ಮ ಸೋದರಮಾವನದು. 1983ರಲ್ಲಿ ಟ್ರೈನಿಂಗ್‌ಗೆಂದು ಜಪಾನ್‌ಗೆ ಹೋಗಿದ್ದವರು ಹತ್ತು ಗೇರಿನ ಸೈಕಲ್ಲನ್ನು ಬಿಚ್ಚಿ, ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಬಂದಿದ್ದರು. ಅದರಲ್ಲಿ ಅವರು ಚಾಮುಂಡಿ ಬೆಟ್ಟ ಹತ್ತುತ್ತಿದ್ದ ಕಥೆಯನ್ನು ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತ ಮೇಲೆ ಸೈಕಲ್ ಹಿತ್ತಲು ಸೇರಿತು. ಗುಜರಿಗೆ ಹಾಕೋಣ ಅಂತ ಅತ್ತೆ ಎರಡು ಸಲ ಅಂದರು. ಮಾವ ಮಾತಾಡಲಿಲ್ಲ. ಹದಿನಾರು ವರ್ಷದ ಮೊಮ್ಮಗಳು ಮಾತ್ರ 'ನಾನು ಓಡಿಸ್ತೀನಿ, ಬೆಟ್ಟಾನೂ ಹತ್ತುತೀನಿ' ಅಂತ ಹಟ ಹಿಡಿದಳು. ರಿಪೇರಿ ನನ್ನ ತಲೆಗೆ ಬಂತು.

ಡಿರೈಲರ್ ಅಂದ್ರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಭಾಗ. ಇದು ಸನ್‌ಟೂರ್. 1964ರಲ್ಲೇ ಓರೆಯಾಗಿ ಚಲಿಸುವ ಡಿರೈಲರ್ ಮಾಡಿದ ಜಪಾನಿನ ಕಂಪನಿ. ಪೇಟೆಂಟ್ ಮುಗಿದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಆ ಹಳೇ ಕಂಪನಿ ಈಗಿಲ್ಲ, ಹೆಸರು ಬೇರೆ ಕಡೆ ಉಳಿದಿದೆ. ಡಿರೈಲರ್‌ನಲ್ಲಿ ಎರಡು ಪುಟ್ಟ ಸ್ಕ್ರೂ ಇರ್ತವೆ. 'ಎಚ್' ಸ್ಕ್ರೂ ಚೈನ್ ಹೊರಗೆ ಬೀಳದಂತೆ ತಡೆದರೆ, 'ಎಲ್' ಸ್ಕ್ರೂ ಅದು ಒಳಗೆ ಚಕ್ರದ ಕಡ್ಡಿಗಳಿಗೆ ಹೋಗಿ ಸಿಕ್ಕಿಕೊಳ್ಳದಂತೆ ತಡೆಯುತ್ತೆ. ಬಿದ್ದುಹೋಗಿದ್ದು ಎಲ್. ಬೆಟ್ಟ ಹತ್ತೋಕೆ ಬೇಕಾದ ದೊಡ್ಡ ಹಲ್ಲುಚಕ್ರದ ಪಕ್ಕದಲ್ಲೇ ಆ ಕಡ್ಡಿಗಳು. ಹುಡುಗಿ ಏರಿನಲ್ಲಿ ತುಳಿಯುವಾಗ ಚೈನ್ ಅಲ್ಲಿ ಸಿಕ್ಕಿಕೊಂಡರೆ ಚಕ್ರವೇ ನಿಂತುಬಿಡುತ್ತೆ.

'ಇಡೀ ಡಿರೈಲರೇ ಚೇಂಜ್ ಮಾಡಿ ಸರ್' ಅಂದರು ಒಂದು ಸೈಕಲ್ ಅಂಗಡಿಯವರು. ಲೆಕ್ಕ ಹಾಕಿದರೆ ಅವರು ಹೇಳಿದ್ದೇ ಸರಿ. ಆದರೆ ಆ ಡಿರೈಲರ್‌ನ ಸಂದಿಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಬದಲಾಯಿಸೋಕೆ ಮನಸ್ಸು ಬರಲಿಲ್ಲ.

ಎಚ್ ಸ್ಕ್ರೂವನ್ನೇ ಸ್ಯಾಂಪಲ್ ಅಂತ ಜೇಬಿಗೆ ಹಾಕಿಕೊಂಡು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದೆ. ಮೊದಲ ಅಂಗಡಿಯವರು ಕಣ್ಣಳತೆಯಲ್ಲೇ ಒಂದು ಸ್ಕ್ರೂ ಕೊಟ್ಟರು. ಕ್ಯಾಲಿಪರ್ ಇಟ್ಟರೆ ದಪ್ಪ ಸರಿಯಾಗೇ ಇತ್ತು. ಆದರೆ ಅದು ಇಂಚಿನ ಲೆಕ್ಕದ್ದು, 5/32 ವಿಟ್‌ವರ್ಥ್. 5/32 ಇಂಚು ಅಂದ್ರೆ 3.97 ಮಿಲಿಮೀಟರ್, ನನಗೆ ಬೇಕಾದ ಎಂ4 ಸ್ಕ್ರೂನಷ್ಟೇ ದಪ್ಪ. ವ್ಯತ್ಯಾಸ ಇರೋದು ಮರೆಯಲ್ಲಿ. ಎಂ4ರ ಒಂದು ಸುತ್ತಿಗೆ 0.7 ಮಿಲಿಮೀಟರ್, ಇದರದ್ದು ಸುಮಾರು 0.79. ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತೆ. ಅಲ್ಲಿ ಜೋರು ಮಾಡಿದರೆ ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತೆ, ಡಿರೈಲರ್ ಕಥೆ ಅಲ್ಲಿಗೇ ಮುಗೀತು.

ನೀವೂ ಹಳೇ ಸೈಕಲ್ ಇಟ್ಟುಕೊಂಡಿದ್ದರೆ ಇದಕ್ಕೆ ಗೇಜ್ ಬೇಕಿಲ್ಲ. ಎರಡು ಸ್ಕ್ರೂಗಳ ಮರೆಯನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡೀರಿ. ಸಂದಿಯಿಂದ ಬೆಳಕು ತೂರಿದರೆ ಅದು ಜೋಡಿ ಅಲ್ಲ. ಇನ್ನೊಂದು ವಿಷಯ: ಹಳೇ ಜಪಾನಿ ಸ್ಕ್ರೂಗಳ 'ಪ್ಲಸ್' ತಲೆ ನಮ್ಮ ಫಿಲಿಪ್ಸ್ ಥರಾನೇ ಕಂಡರೂ ಬೇರೆ, ಜೆಐಎಸ್ ಅಂತ. ಮಾಮೂಲಿ ಸ್ಕ್ರೂಡ್ರೈವರ್ ಜಾರಿ ತಲೆ ಸವೆದುಹೋಗುತ್ತೆ.

ಎರಡನೇ ಶನಿವಾರ ಎಂ4 ಸಿಕ್ಕಿತು, ಉದ್ದ ಸಾಲಲಿಲ್ಲ. ತುದಿ ಒಳಗೆ ತಡೆಗೆ ಮುಟ್ಟಲೇ ಇಲ್ಲ. ಮೂರನೇ ವಾರ ಒಬ್ಬ ಯಜಮಾನರು ಬೂತಗನ್ನಡಕ ಹಾಕಿಕೊಂಡು ಸ್ಯಾಂಪಲ್ ತಿರುಗಿಸಿ ನೋಡಿ, ಡಬ್ಬಿ ಸುರುವಿ ಆರಿಸಿ ಕೊಟ್ಟರು. ಸ್ಟೇನ್‌ಲೆಸ್, ಐದು ರೂಪಾಯಿ. ನಾಲ್ಕು ತಗೊಂಡೆ.

ಮೈಸೂರಿನಲ್ಲಿ ಸೈಕಲ್ಲನ್ನು ಮಾವನ ಕುರ್ಚಿಯ ಮುಂದೆ ನಿಲ್ಲಿಸಿ ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದೆ. ನಾನು ಸ್ಕ್ರೂಗೆ ಕೈ ಹಾಕುವ ಮೊದಲೇ ಅವರು ಎಡಗೈ ಚಾಚಿದರು. ಸ್ಕ್ರೂಡ್ರೈವರ್ ಕೊಟ್ಟೆ. ಎರಡು ಸಲ ಜಾರಿತು, ಮೂರನೇ ಸಲ ಕೂತಿತು. ಮೊಮ್ಮಗಳು ಪೆಡಲ್ ತಿರುಗಿಸ್ತಾ ಇದ್ದಳು. 'ನಿಲ್ಲು... ಇನ್ನು ಕಾಲು ಸುತ್ತು' ಅಂದರು, ಮಾತು ಸ್ವಲ್ಪ ತೊದಲುತ್ತಲೇ. ಅತ್ತೆ ಒಳಗಿಂದ ಬಂದು ಬಾಗಿಲಲ್ಲೇ ನಿಂತರು.

ಬ್ರೇಕ್ ಕೇಬಲ್ ಇನ್ನೂ ಹಳೇದೇ. ಅದು ಬದಲಾಗೋವರೆಗೆ ಬೆಟ್ಟದ ಕಡೆ ತಲೆ ಹಾಕಬಾರದು ಅಂತ ಮೊಮ್ಮಗಳಿಗೆ ಮಾವನ ಆರ್ಡರ್ ಆಗಿದೆ.