ದಿವಾಳಿಯ ದಿನಗಳಲ್ಲಿ ಮನೆಯ ಲೆಕ್ಕ



ನಾನು ಬರೆಯುವವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಪೆನ್ನು ಹಿಡಿದದ್ದು ಹಾಲಿನ ಲೆಕ್ಕ, ದಿನಸಿ ಲೆಕ್ಕ ಬರೆಯುವುದಕ್ಕೆ ಮಾತ್ರ. ಆದರೆ ನನ್ನ ಆ ಲೆಕ್ಕದ ಪುಸ್ತಕವೇ ಒಂದು ದಿನ ಕೋರ್ಟಿನವರೆಗೆ ಹೋಗಿಬಂತು. ಅದು ಹೇಗೆ ಅಂತ ನಿಮಗೆ ಹೇಳಬೇಕೆನಿಸಿದೆ. ನಮಗೆ ಬಂದ ಕಷ್ಟ ನಿಮಗೆ ಯಾರಿಗೂ ಬಾರದಿರಲಿ. ಒಂದು ವೇಳೆ ಬಂದರೂ ನಾನು ಮಾಡಿದ ತಪ್ಪನ್ನು ನೀವು ಮಾಡದಿರಿ.

ನಮ್ಮದು ಅರಸೀಕೆರೆ. ನಮ್ಮವರದು ಪಾತ್ರೆ ಅಂಗಡಿ. ಮಾವನವರ ಕಾಲದಿಂದ ನಡೆದುಕೊಂಡು ಬಂದದ್ದು. ಪಾತ್ರೆ ವ್ಯಾಪಾರ ಅಂದರೆ ಮದುವೆ ಕಾಲದ ವ್ಯಾಪಾರ ಅಂತ ನಿಮಗೂ ಗೊತ್ತು. 2020ರ ಯುಗಾದಿ ಹೊತ್ತಿಗೆ ಮದುವೆ ಸೀಸನ್ನಿಗೆಂದು ಸಾಲ ಮಾಡಿ ಸರಕು ತುಂಬಿಸಿದ್ದರು. ಆ ವಾರವೇ ಲಾಕ್‌ಡೌನ್ ಬಂತು. ಮದುವೆಗಳು ಮನೆಯೊಳಗೆ ಹತ್ತು ಜನರ ನಡುವೆ ಮುಗಿದವು. ಮುಯ್ಯಿಗೆ ಪಾತ್ರೆ ಕೊಳ್ಳುವವರು ಯಾರು? ಮರುವರ್ಷವೂ ಅದೇ ಕಥೆ. ಬಡ್ಡಿ ಮಾತ್ರ ಒಂದು ದಿನವೂ ರಜಾ ತೆಗೆದುಕೊಳ್ಳಲಿಲ್ಲ.

2022ರ ಬೇಸಿಗೆಗೆ ಬ್ಯಾಂಕಿನ ಸಾಲ ಆರು ಲಕ್ಷ, ಸಗಟು ವ್ಯಾಪಾರಿಗಳದ್ದು ಐದು, ಕೈಸಾಲ ಮೂರು, ಒಟ್ಟು ಹದಿನಾಲ್ಕು ಲಕ್ಷ ಆಗಿತ್ತು. ನನ್ನ ತವರಿನ ಒಡವೆ ಆಗಲೇ ಅಡವಿಗೆ ಹೋಗಿ, ಬಿಡಿಸಿಕೊಳ್ಳಲಾಗದೆ ಹರಾಜಾಗಿತ್ತು. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನದ್ದಲ್ಲ ಅಂತ 1985ರಲ್ಲೇ ಸುಪ್ರೀಂ ಕೋರ್ಟು ಹೇಳಿದೆಯಂತೆ. ಅದು ನನಗೆ ತಿಳಿದದ್ದು ಒಡವೆ ಹೋದ ಮೇಲೆ. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಸಾಲಗಾರರು ಮನೆ ಬಾಗಿಲಿಗೆ ಬರತೊಡಗಿದರು. ಕಾಲಿಂಗ್ ಬೆಲ್ ಆದರೆ ಅತ್ತೆಯವರು ದೇವರ ಮನೆಗೆ ಹೋಗಿ ಕೂರುವರು. ನಮ್ಮವರು ಊಟದ ತಟ್ಟೆ ಬಿಟ್ಟು ಏಳುವರು. ಕೊನೆಗೆ ಹಿತೈಷಿಗಳೊಬ್ಬರು, "ಹೀಗೆ ಬಚ್ಚಿಟ್ಟುಕೊಳ್ಳೋ ಬದಲು ಕೋರ್ಟಿಗೇ ಹೋಗಿ ದಿವಾಳಿ ಅರ್ಜಿ ಹಾಕಿ" ಅಂದರು. ದಿವಾಳಿ! ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ತಪ್ಪು ಮಾಡಿದ್ದು ಮಾರನೇ ದಿನ. ನಮ್ಮವರ ಉಳಿತಾಯ ಖಾತೆಯಲ್ಲಿ ಇಪ್ಪತ್ಮೂರು ಸಾವಿರದ ಎಂಟುನೂರು ಇತ್ತು. ಎ.ಟಿ.ಎಂ. ಕಾರ್ಡು ನನ್ನ ಹತ್ತಿರವೇ ಇರುತ್ತಿತ್ತು. ಎರಡು ದಿನ ಹತ್ತತ್ತು ಸಾವಿರದಂತೆ ತೆಗೆದು, ತಿಪಟೂರಿನಲ್ಲಿರುವ ತಂಗಿಯ ಕೈಗೆ ಕೊಟ್ಟುಬಂದೆ. "ಇದು ನಿನ್ನ ಹತ್ತಿರ ಇರಲಿ, ಯಾರಿಗೂ ಹೇಳಬೇಡ" ಅಂದೆ. ನಮ್ಮವರಿಗೂ ಹೇಳಲಿಲ್ಲ. ಮಗನ ಪಿ.ಯು.ಸಿ. ಫೀಸು, ಅತ್ತೆಯವರ ಬಿ.ಪಿ. ಮಾತ್ರೆ, ಅಕ್ಕಿ. ಇಷ್ಟೇ ನನ್ನ ಕಣ್ಣ ಮುಂದೆ ಇದ್ದದ್ದು. ತಾಯಿಯಾದವಳು ಇನ್ನೇನು ಮಾಡಿಯಾಳು ಹೇಳಿ?

ಖಾತೆಯಲ್ಲಿ ಉಳಿದ ಮೂರು ಸಾವಿರದ ಎಂಟುನೂರು ವಾರದೊಳಗೆ ಮಾಯವಾಯಿತು. ಸಾಲ ಇದ್ದದ್ದೂ ಅದೇ ಬ್ಯಾಂಕಿನಲ್ಲಿ. ಬಾಕಿ ಬಿದ್ದ ಕಂತಿಗೆಂದು ಬ್ಯಾಂಕಿನವರು ಅದನ್ನು ಜಮಾ ಮಾಡಿಕೊಂಡಿದ್ದರು. ನಾವು ಸಾಲ ಇರುವ ಬ್ಯಾಂಕಿನಲ್ಲೇ ನಮ್ಮ ದುಡ್ಡೂ ಇದ್ದರೆ, ಅದನ್ನು ಸಾಲಕ್ಕೆ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಉಂಟು. ನೋಡಿದಿರಾ, ಮನೆಖರ್ಚಿನ ಖಾತೆ ಸಾಲ ಇಲ್ಲದ ಬೇರೆ ಬ್ಯಾಂಕಿನಲ್ಲಿ ಇರಬೇಕು ಅನ್ನುವುದು ಇದಕ್ಕೇ.

ಮುಂದಿನ ವಾರ ಹಾಸನಕ್ಕೆ ಹೋಗಿ ವಕೀಲರನ್ನು ಕಂಡೆವು. ವಯಸ್ಸಾದವರು, ತಾಳ್ಮೆಯವರು. 2016ರಲ್ಲಿ ಹೊಸ ದಿವಾಳಿ ಕಾಯ್ದೆ ಬಂದಿದ್ದರೂ ನಮ್ಮಂಥ ಸಣ್ಣ ಅಂಗಡಿಯವರಿಗೆ ಈಗಲೂ 1920ರ ಹಳೇ ಕಾಯ್ದೆಯೇ ಅಂದರು. ಸಾಲ ಐನೂರು ರೂಪಾಯಿ ಮುಟ್ಟಿದರೆ ಅರ್ಜಿ ಹಾಕಬಹುದು ಅಂತ ಅದರಲ್ಲಿ ಬರೆದಿದೆಯಂತೆ. ನಗು ಬಂತು, ಅಳುವೂ ಬಂತು. ಕೋರ್ಟು ದಿವಾಳಿ ಅಂತ ಘೋಷಿಸಿದ ಮೇಲೆ ಸಾಲಗಾರರು ಒಬ್ಬೊಬ್ಬರಾಗಿ ದಾವೆ ಹೂಡುವಂತಿಲ್ಲ, ಕೋರ್ಟಿನ ಅಪ್ಪಣೆ ಬೇಕು. ಇರುವ ಆಸ್ತಿ ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅವರು ಮಾರಿ, ಎಲ್ಲ ಸಾಲಗಾರರಿಗೂ ಅವರವರ ಸಾಲದ ಪ್ರಮಾಣದಲ್ಲಿ ಹಂಚುತ್ತಾರೆ. ಒತ್ತೆ, ಅಡವು ಇಟ್ಟುಕೊಂಡವರ ದಾರಿ ಮಾತ್ರ ಬೇರೆ, ಒತ್ತೆ ಇಟ್ಟ ವಸ್ತು ಅವರ ಕೈಯಲ್ಲೇ.

ಇಷ್ಟು ಹೇಳಿ ವಕೀಲರು ಪಾಸ್‌ಬುಕ್ ಕೇಳಿದರು. ಕನ್ನಡಕ ಸರಿಮಾಡಿಕೊಂಡು ನೋಡಿ, "ಈ ಇಪ್ಪತ್ತು ಸಾವಿರ ಎಲ್ಲಿ?" ಅಂದರು. ನಮ್ಮವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ವಕೀಲರು ಬೈಯಲಿಲ್ಲ. "ತಾಯಿ, ನೀವು ಮಕ್ಕಳಿಗೆ ಅಂತ ಇಟ್ಟಿರಿ. ಆದರೆ ಕೋರ್ಟಿಗೆ ಅದು ಬಚ್ಚಿಟ್ಟ ಹಣ. ಆಸ್ತಿ ಬಚ್ಚಿಟ್ಟರೆ ಶಿಕ್ಷೆ ಆಗೋದು ನಿಮ್ಮ ಯಜಮಾನರಿಗೆ" ಅಂದರು. ಆ ಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇಕಾದ ಸಾಲಗಾರನೊಬ್ಬನಿಗೇ ಮುಂದಾಗಿ ಕೊಟ್ಟರೆ ಅದನ್ನು ರದ್ದುಮಾಡಿ ವಾಪಸು ತರಿಸಬಹುದು. ಎರಡು ವರ್ಷದೊಳಗೆ ಹೆಂಡತಿಗೋ ಮಕ್ಕಳಿಗೋ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯನ್ನೂ ಹಾಗೆಯೇ ಹಿಂದಕ್ಕೆ ತರಿಸಬಹುದು. ನನ್ನ ಅಣ್ಣನ ಅರವತ್ತು ಸಾವಿರ ಕೈಸಾಲ ಇತ್ತು. ಅದನ್ನಾದರೂ ಮೊದಲು ತೀರಿಸೋಣ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಅದೂ ಕೂಡದು. ಅಣ್ಣನೂ ಪಟ್ಟಿಯಲ್ಲಿ ಒಬ್ಬ, ಸಗಟು ವ್ಯಾಪಾರಿಯೂ ಒಬ್ಬ.

ಆ ಸಂಜೆಯೇ ತಿಪಟೂರಿಗೆ ಹೋಗಿ ಹಣ ತಂದೆ. ತಂಗಿ ಒಂದು ಮಾತೂ ಕೇಳಲಿಲ್ಲ. ಕುಂಕುಮ ಕೊಟ್ಟು, ಕವರಿನಲ್ಲಿ ಹಾಗೇ ಇಟ್ಟಿದ್ದ ನೋಟು ಕೈಗಿತ್ತಳು. ಹಳೇ ಖಾತೆಗೆ ಕಟ್ಟಿದರೆ ಬ್ಯಾಂಕಿನವರೇ ತೆಗೆದುಕೊಳ್ಳುತ್ತಾರೆ. ಅದಕ್ಕೆ ವಕೀಲರು ಅದನ್ನು ಕೈಯಲ್ಲಿರುವ ನಗದು ಅಂತ ಅರ್ಜಿಯಲ್ಲಿ ಕಾಣಿಸಿದರು. 2022ರ ಜುಲೈನಲ್ಲಿ ಅರ್ಜಿ ದಾಖಲಾಯಿತು.

ನನ್ನ ಪುಸ್ತಕ ಕೆಲಸಕ್ಕೆ ಬಂದದ್ದು ಇಲ್ಲಿಯೇ. ದಿವಾಳಿಯಾದವನ ಸಂಸಾರ ನಡೆಯಲು ಅವನ ಆಸ್ತಿಯಿಂದಲೇ ಸ್ವಲ್ಪ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ. ಆದರೆ ಎಷ್ಟು ಬೇಕು ಅಂತ ತೋರಿಸಬೇಕಲ್ಲ? ನನ್ನ ಹಾಲು, ದಿನಸಿ, ಗ್ಯಾಸು, ಕರೆಂಟು, ಮಾತ್ರೆಯ ಲೆಕ್ಕ ನಾಲ್ಕು ವರ್ಷದ್ದು ತಾರೀಖು ಸಮೇತ ಇತ್ತು. ವಕೀಲರು ಅದನ್ನೇ ಮುಂದಿಟ್ಟರು. ಇಪ್ಪತ್ತು ಸಾವಿರದಲ್ಲಿ ಒಂಬತ್ತು ಸಾವಿರವನ್ನು ಮನೆಖರ್ಚಿಗೆ ಬಿಟ್ಟುಕೊಟ್ಟರು. ಕದ್ದಿಟ್ಟ ಇಪ್ಪತ್ತಕ್ಕಿಂತ ಕೇಳಿ ಪಡೆದ ಆ ಒಂಬತ್ತು ಸಾವಿರದಲ್ಲಿ ನಾನು ಹೆಚ್ಚು ನೆಮ್ಮದಿಯಿಂದ ಅಕ್ಕಿ ತಂದೆ.

ಅಂಗಡಿಯ ಪಾತ್ರೆಗಳನ್ನು ಪಟ್ಟಿ ಮಾಡಿದ ದಿನ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಇಲ್ಲಿಗೂ ಬರುತ್ತಾರೇನೋ ಅಂತ. ಬರಲಿಲ್ಲ. ಅಡಿಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಸಂಪ್ರದಾಯದಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ ಅಂತ ಕಾನೂನೇ ಹೇಳುತ್ತದೆ. ಅಂಗಡಿಯ ಸಾವಿರಾರು ಪಾತ್ರೆ ಹೋದವು. ನನ್ನ ಎರಡು ದಬರಿ, ಒಂದು ಕುಕ್ಕರ್ ಉಳಿದವು. ತಾಳಿಯೂ ಉಳಿಯಿತು.

ಇನ್ನು ಬಿಲ್ಲುಗಳ ವಿಚಾರ. ನನ್ನ ಅನುಭವದಲ್ಲಿ ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು, ಹಳೇ ಖಾತೆಯಿಂದ ತಾನಾಗಿ ಕಡಿತವಾಗುವ ಕಂತುಗಳನ್ನು ಒಂದು ಚೀಟಿಯಲ್ಲಿ ಬರೆದು, ಬ್ಯಾಂಕಿಗೆ ಅರ್ಜಿ ಕೊಟ್ಟು ನಿಲ್ಲಿಸಿ. ನಮ್ಮ ವಿಮೆಯ ಕಂತು ಹಣವಿಲ್ಲದೆ ಎರಡು ಸಲ ವಾಪಸಾಗಿ, ಎರಡು ಸಲವೂ ದಂಡ ಬಿತ್ತು. ಇಲ್ಲದವರ ಮನೆಗೇ ದಂಡ ಮೊದಲು ಬರುವುದು.

ಎರಡನೆಯದು, ಖಾತೆಯಲ್ಲಿ ಹಣವಿಲ್ಲದೆ ಯಾರಿಗೂ ಚೆಕ್ಕು ಬರೆದುಕೊಡಬೇಡಿ, "ಸುಮ್ಮನೆ ಭದ್ರತೆಗೆ ಕೊಡಿ" ಅಂತ ಎಷ್ಟೇ ಹೇಳಲಿ. ಚೆಕ್ಕು ವಾಪಸಾಗಿ, ನೋಟೀಸು ತಲುಪಿದ ಹದಿನೈದು ದಿನದಲ್ಲಿ ಹಣ ಕೊಡದಿದ್ದರೆ ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೂ ಜೈಲು ಆಗಬಹುದು. ದಿವಾಳಿ ಅರ್ಜಿ ಹಾಕಿದೆವು ಅಂತ ಆ ಕೇಸು ಬಿಟ್ಟುಹೋಗುವುದಿಲ್ಲ.

ಮೂರನೆಯದು, ಸಾಲ ಇಲ್ಲದ ಬ್ಯಾಂಕಿನಲ್ಲಿ ನಿಮ್ಮದೇ ಹೆಸರಿನಲ್ಲಿ ಕನಿಷ್ಠ ಮೊತ್ತ ಬೇಡದ ಖಾತೆ ತೆರೆಯಿರಿ. ಇಂಥ ಖಾತೆ 2012ರಿಂದ ಎಲ್ಲ ಬ್ಯಾಂಕಿನಲ್ಲೂ ಇದೆ, ಕೇಳಿದರೆ ಕೊಡಬೇಕು. ಆದರೆ ಅದಕ್ಕೆ ನಿಮ್ಮ ಸಂಪಾದನೆ ಮಾತ್ರ ಹಾಕಿ. ಯಜಮಾನರ ಹಣ ಅಲ್ಲಿಗೆ ಸರಿಸಿದರೆ ನನ್ನ ತಿಪಟೂರಿನ ಕಥೆಯೇ ಆಗುತ್ತದೆ. ನನ್ನ ಖಾತೆಗೆ ಹೋಗುವುದು ಸಂಡಿಗೆ, ಹುರಿಟ್ಟು, ಹಬ್ಬದ ಹೋಳಿಗೆ ಮಾರಿದ ದುಡ್ಡು. ತಿಂಗಳಿಗೆ ನಾಲ್ಕರಿಂದ ಐದು ಸಾವಿರ. ನಮ್ಮವರು ಈಗ ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಹದಿನಾಲ್ಕು ಸಾವಿರ ಸಂಬಳ. ಅದನ್ನೂ ರಿಸೀವರಿಗೆ ತಿಳಿಸಿದ್ದೇವೆ.

ನಾಲ್ಕನೆಯದು, ಸಂಬಳ ಬಂದ ದಿನವೇ ಹಣವನ್ನು ಲಕೋಟೆಗಳಲ್ಲಿ ಹಂಚಿ. ಮೊದಲು ಬಾಡಿಗೆ, ಆ ಮೇಲೆ ಕರೆಂಟು, ನೀರು, ಗ್ಯಾಸು, ಮಾತ್ರೆ, ಶಾಲೆ ಫೀಸು, ಹಾಲು. ಕೊನೆಗೆ ಉಳಿದದ್ದು ತರಕಾರಿಗೆ. ನಿಂತರೆ ಮನೆಯೇ ನಿಲ್ಲುವಂಥ ಬಿಲ್ಲು ಯಾವುದೋ ಅದಕ್ಕೆ ಮೊದಲು. ಜೋರಾಗಿ ಬಾಗಿಲು ಬಡಿದವರಿಗೆ ಮೊದಲು ಅಲ್ಲ. ಎಲ್ಲ ರಸೀದಿಯನ್ನೂ ಒಂದು ತಂತಿಗೆ ಚುಚ್ಚಿಡಿ.

ಐದನೆಯದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. 2023ರಲ್ಲಿ ನಮ್ಮವರನ್ನು ದಿವಾಳಿ ಅಂತ ಘೋಷಿಸಿದಾಗ ವಕೀಲರು ಒಂದು ಮಾತು ಹೇಳಿದರು. ಬಿಡುಗಡೆಯ ಆಜ್ಞೆ ಸಿಗುವ ತನಕ, ತಾನು ದಿವಾಳಿಯಾದವನು ಅಂತ ತಿಳಿಸದೆ ಯಾರ ಹತ್ತಿರವೂ ಐವತ್ತು ರೂಪಾಯಿ, ಅದಕ್ಕೆ ಮೇಲ್ಪಟ್ಟು ಸಾಲ ಪಡೆದರೆ ಅಪರಾಧ, ಆರು ತಿಂಗಳವರೆಗೂ ಶಿಕ್ಷೆ. ಐವತ್ತು ರೂಪಾಯಿ! 1920ರಲ್ಲಿ ಅದು ದೊಡ್ಡ ಮೊತ್ತವಿರಬಹುದು. ಈಗ ಒಂದು ಲೀಟರ್ ಹಾಲು, ಅರ್ಧ ಕೇಜಿ ಸಕ್ಕರೆ ತಂದರೆ ಅಷ್ಟನ್ನು ದಾಟಿತು. ನಮ್ಮ ದಿನಸಿ ಅಂಗಡಿಯ ವರ್ತನೆ ಪುಸ್ತಕದ ಮೇಲೆ ಇದ್ದದ್ದು ನಮ್ಮವರ ಹೆಸರೇ. ಹಳೇ ಬಾಕಿ ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ ಅದರಲ್ಲಿ ಹಾಗೇ ನಿಂತಿತ್ತು, ಅದೂ ಕೋರ್ಟಿನ ಪಟ್ಟಿಯಲ್ಲಿ ಸೇರಿತ್ತು.

ಹೇಳಲು ನಾನೇ ಹೋದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು. "ಶೆಟ್ಟರೇ, ನಿಮ್ಮ ಬಾಕಿಯನ್ನು ನಾವೀಗ ಕೊಡೋ ಹಾಗಿಲ್ಲ, ಕೋರ್ಟು ಕೊಟ್ಟಷ್ಟೇ ನಿಮಗೆ ಬರುತ್ತೆ. ಇನ್ನು ಮೇಲೆ ಕಡ ಬರೀಬೇಡಿ, ನಗದಿಗೇ ತಗೋತೀವಿ" ಅಂದೆ. ಗಂಟಲು ಕಟ್ಟಿತ್ತು. ಅವರು ತಕ್ಕಡಿ ಒರೆಸುತ್ತಾ, "ನಿಮ್ಮ ಅಂಗಡಿ ಮುಚ್ಚಿದ್ದು ಊರಿಗೇ ಗೊತ್ತಮ್ಮಾ. ಬಂದು ಹೇಳಿದವರು ನೀವು ಮಾತ್ರ" ಅಂದರು. ಅರ್ಧ ಕೇಜಿ ಬೇಳೆ ಕಟ್ಟಿಸಿಕೊಂಡು, ದುಡ್ಡು ಎಣಿಸಿಕೊಟ್ಟು ಬಂದೆ. ದಾರಿಯಲ್ಲಿ ಎದುರು ಸಿಕ್ಕವರನ್ನು ತಲೆಯೆತ್ತಿ ಮಾತಾಡಿಸಿದೆ. ಎಷ್ಟೋ ತಿಂಗಳ ಮೇಲೆ.

ಹರಾಜಿನ ಹಣ ಹಂಚಿದಾಗ ಶೆಟ್ಟರಿಗೂ, ಅಣ್ಣನಿಗೂ ಅವರವರ ಪಾಲು ಹೋಯಿತು. ಪೂರ್ತಿ ಅಲ್ಲ. ಬಿಡುಗಡೆಯ ಅರ್ಜಿ ಇನ್ನೂ ಕೋರ್ಟಿನಲ್ಲಿದೆ. ಲೆಕ್ಕದ ಪುಸ್ತಕ ಸರಿಯಾಗಿ ಇಡದವರಿಗೆ ಬಿಡುಗಡೆ ಸಲೀಸಲ್ಲವಂತೆ. ಹಾಗಾಗಿ ನಮ್ಮವರು ಅಂಗಡಿಯ ಪುಸ್ತಕ, ನಾನು ಮನೆಯ ಪುಸ್ತಕ, ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದೇವೆ. ಆ ಎರಡು ಸಾವಿರದ ಮುನ್ನೂರ ನಲವತ್ತರಲ್ಲಿ ಉಳಿದದ್ದನ್ನು ನನ್ನ ಸಂಡಿಗೆ ದುಡ್ಡಿನಲ್ಲಿ ಒಂದು ದಿನ ತೀರಿಸಬೇಕು ಅಂತ ನನ್ನ ಆಸೆ. ಕಾನೂನು ಕೇಳುತ್ತದೆ ಅಂತ ಅಲ್ಲ, ಆ ಬೇಳೆ ನಾವು ಉಂಡದ್ದು.

ಸೋದರಿಯರೇ, ನಿಮ್ಮ ಯಜಮಾನರು ಅಂಗಡಿಯ ಲೆಕ್ಕ ನಿಮಗೆ ಹೇಳುತ್ತಾರೆಯೇ? ಹೇಳದಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಕೇಳಿ. ನೀವು ಸಾಸಿವೆ ಡಬ್ಬಿಯಲ್ಲಿ ಇಟ್ಟದ್ದನ್ನೂ ಅವರಿಗೆ ಹೇಳಿ. ಬಡತನ ಬಂದಾಗ ಗಂಡಹೆಂಡಿರು ಇಬ್ಬರೂ ಒಂದೇ ಪುಸ್ತಕ ನೋಡುತ್ತಿದ್ದರೆ ಅರ್ಧ ಭಾರ ಇಳಿದ ಹಾಗೆ. ನನಗೆ ಇದು ಹಾಸನದ ಆ ವಕೀಲರ ಕೋಣೆಯಲ್ಲಿ, ನೆಲ ನೋಡುತ್ತಾ ಕೂತಾಗ ತಿಳಿಯಿತು. ನಿಮಗೆ ನಿಮ್ಮ ಅಡಿಗೆಮನೆಯಲ್ಲೇ ತಿಳಿಯಲಿ.