ನೀರು ಎಲ್ಲಿಗಂಟ ಬಂದದೆ?

"ಸರ್ವರ್ ಬಂದಿಲ್ಲ."

ನಮ್ಮ ಮಂಡ್ಯದ ಕಡೆ ಈ ಮಾತು ಈಗ 'ಕರೆಂಟ್ ಬಂದಿಲ್ಲ', 'ನಾಲೇಲಿ ನೀರು ಬಂದಿಲ್ಲ' ಎನ್ನುವ ಮಾತುಗಳ ಸಾಲಿಗೆ ಸೇರಿಬಿಟ್ಟಿದೆ. ಕಿಟಕಿಯ ಈಚೆ ನಿಂತವರು ಅದನ್ನು ಕೇಳಿದ ಮೇಲೆ ಮಾಡುವುದೇನೂ ಇಲ್ಲ. ಬಂದ ಬಸ್ಸಿನಲ್ಲೇ ವಾಪಸ್ ಹೋಗಬೇಕು. ಕಿಟಕಿಯ ಆಚೆ ಇರುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಒಂದು ಸಲ ಆ ಮಾತಿಗೆ ಕಾರಣಳಾದವಳೂ ನಾನೇ.

ಮಳವಳ್ಳಿ ಕಡೆ ಎಳನೀರು ಬೆಳೆಗಾರರ ಒಂದು ಸಣ್ಣ ಸಂಘವಿದೆ. ಯಾರು ಎಷ್ಟು ಕಾಯಿ ಕೊಟ್ಟರು, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಯಾವ ದರ ಸಿಕ್ಕಿತು, ಯಾರಿಗೆ ಎಷ್ಟು ಹಣ ಬರಬೇಕು ಎಂಬ ಲೆಕ್ಕವನ್ನೆಲ್ಲ ನಾನು ಮಾಡಿಕೊಟ್ಟ ತಂತ್ರಾಂಶವೇ ಇಟ್ಟುಕೊಳ್ಳುತ್ತದೆ. ಪ್ರತಿ ಶನಿವಾರ ಬಟವಾಡೆ.

ಇಂಥ ಏರ್ಪಾಟಿನಲ್ಲಿ ಎರಡು ಭಾಗ ಇರುತ್ತವೆ. ಒಂದು ವೆಬ್ ಸರ್ವರ್. ಅದು ಕಚೇರಿಯ ಕಿಟಕಿಯಲ್ಲಿ ಕೂತ ಗುಮಾಸ್ತನ ಹಾಗೆ. ಕೇಳಿದ್ದನ್ನು ತಂದು, ಓರಣವಾಗಿ ಬರೆದು ಕೊಡುತ್ತದೆ. ಇನ್ನೊಂದು ಡೇಟಾಬೇಸ್. ಅದು ಕಡತಗಳ ಕೋಣೆ. ಎರಡೂ ಒಂದೇ ಕಟ್ಟಡದಲ್ಲಿ ಇರಬೇಕೆಂದೇನೂ ಇಲ್ಲ. ಪಹಣಿಯನ್ನೇ ನೋಡಿ. ಒಂದು ಕಾಲಕ್ಕೆ ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಮೊದಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ಆಮೇಲೆ ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರವನ್ನು ಸೇರಿತು. ಒಂದೇ ಕಡೆ ಇದ್ದರೆ ಕಾಪಾಡುವುದು ಸುಲಭ. ಆದರೆ ಕಿಟಕಿಗೂ ಕಡತದ ಕೋಣೆಗೂ ನಡುವೆ ದೊಡ್ಡ ದಾರಿಯೊಂದು ಬಂದು ಕೂರುತ್ತದೆ.

ಸಂಘದ ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋದ ಮೇಲೆ ನಾನೂ ಹಾಗೇ ಮಾಡಿದ್ದೆ. ವೆಬ್ ಸರ್ವರ್ ಮಳವಳ್ಳಿಯ ಕಚೇರಿಯಲ್ಲೇ ಉಳಿಯಿತು. ಡೇಟಾಬೇಸ್ ಬೆಂಗಳೂರಿನ ಒಂದು ಬಾಡಿಗೆ ಯಂತ್ರಕ್ಕೆ ಹೋಯಿತು.

ಆ ಶುಕ್ರವಾರ ಸಂಜೆ ಗುಡುಗು ಮಳೆ. ಕರೆಂಟ್ ಹೋಗಿ ಬಂತು. ಏಳು ಗಂಟೆಗೆ ಸಂಘದ ಗುಮಾಸ್ತರ ಫೋನು. "ಮೇಡಂ, ಪೇಜೇನೋ ಓಪನ್ ಆಯ್ತದೆ, ಲೆಕ್ಕ ಮಾತ್ರ ಬರ್ತಾ ಇಲ್ಲ. ನಾಳೆ ಬಟವಾಡೆ."

ಮಂಡ್ಯದ ಮನೆಯಲ್ಲಿ ಕೂತು ನಾನು ಗಾಬರಿಗೆ ಬಿದ್ದವರು ಮಾಡುವುದನ್ನೆಲ್ಲ ಮಾಡಿದೆ. ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿಸಿದೆ. ಪಾಸ್‌ವರ್ಡ್ ತಪ್ಪಿರಬೇಕು ಎಂದುಕೊಂಡು ಬೆಂಗಳೂರಿನ ಯಂತ್ರದಲ್ಲಿ ಅದನ್ನೂ ಬದಲಿಸಿದೆ. ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೊನೆಯ ಉಪಾಯ ಹೊಳೆಯಿತು. ಡೇಟಾಬೇಸಿನ ಸುತ್ತ ಫೈರ್‌ವಾಲ್ ಎಂಬ ಕಾವಲು ಗೋಡೆಯಿದೆ. ಅದನ್ನು ತೆಗೆದುಬಿಟ್ಟರೆ? ಯಾರು ಬೇಕಾದರೂ ಬರಲಿ ಎಂದು ಒಂದು ಗುಂಡಿ ಒತ್ತಿದರೆ ಸಾಕು.

ಬೆರಳು ಆ ಗುಂಡಿಯ ಮೇಲೇ ಇತ್ತು. ಅಷ್ಟು ಹೊತ್ತಿಗೆ ನೀರು ಕುಡಿಯಲು ಎದ್ದು ಬಂದ ಅಪ್ಪ, "ಏನವ್ವ, ಇನ್ನೂ ಮಲಗ್ನಿಲ್ವಾ?" ಅಂದರು. ಹೇಳಿದೆ. ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ನಮ್ಮ ತಾತ ನೀರುಗಂಟಿ.

"ನೀರು ಬರ್ನಿಲ್ಲ ಅಂತ ಯಾರಾದ್ರೂ ಬಂದ್ರೆ ನಿಮ್ತಾತ ಮೊದ್ಲು ಗುದ್ಲಿ ಹಿಡೀತಿರ್ನಿಲ್ಲ ಕಣವ್ವ. ನೀರು ಎಲ್ಲಿಗಂಟ ಬಂದದೆ ಅಂತ ನಡ್ಕೊಂಡೋಗಿ ನೋಡೋರು. ಆಮೇಲೆ ಗುದ್ಲಿ. ನೀನು ನೋಡಿದ್ಯಾ?"

ನೋಡಿರಲಿಲ್ಲ. ಗುದ್ದಲಿ ಮಾತ್ರ ಆಡಿಸಿದ್ದೆ. ಗೋಡೆಯನ್ನು ಮುಟ್ಟದೆ ಮಲಗಿದೆ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಮದ್ದೂರಿನಲ್ಲಿ ಇಳಿದು, ಮಳವಳ್ಳಿ ಬಸ್ಸು ಹತ್ತಿದೆ. ದಾರಿಯಲ್ಲಿ ಕಬ್ಬು, ಭತ್ತ, ತೆಂಗು, ನಡುನಡುವೆ ಕಾಲುವೆ. ಕನ್ನಂಬಾಡಿಯ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯಲ್ಲಿ ಸುರಂಗ ದಾಟಿ, ಕವಲು ಕವಲಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹರಿಯುತ್ತದೆ. ಅಣೆಕಟ್ಟೆ 124.80 ಅಡಿ ತುಂಬಿ ತುಳುಕುತ್ತಿದ್ದರೂ ನಾಲೆಯ ಕೊನೆ ಭಾಗದ ಗದ್ದೆ ಒಣಗಿರಬಹುದು. ಅಲ್ಲಿ ನಿಂತವನಿಗೆ ಕಾಣುವುದು ನೀರಿಲ್ಲ ಎಂಬುದೊಂದೇ. ಮೇಲೆ ತೂಬು ಮುಚ್ಚಿದೆಯೋ, ಏರಿ ಒಡೆದಿದೆಯೋ, ಕಸ ಕಟ್ಟಿದೆಯೋ, ನಡೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಸಂಘದ ಜಗಲಿಯ ಮೇಲೆ ಆಗಲೇ ಹತ್ತಿಪ್ಪತ್ತು ಜನ. ಅವರಲ್ಲೊಬ್ಬ ಹೆಂಗಸು ಹಿಂದಿನ ದಿನವೂ ಬಂದು ಕಾದು ಹೋಗಿದ್ದರಂತೆ. ಮಗಳ ಹಾಸ್ಟೆಲ್ ಫೀಸು ಕಟ್ಟಲು ಅವತ್ತೇ ಕೊನೆ ದಿನ. "ಸರ್ವರ್ ಬಂತೇನವ್ವ?" ಎಂದರು. ಉತ್ತರ ಕೊಡಲಾಗದೆ ಒಳಗೆ ಹೋದೆ.

ಒಂದು ಹಾಳೆ ತೆಗೆದುಕೊಂಡೆ. ಏನನ್ನೂ ಬದಲಿಸುವುದಿಲ್ಲ, ಬರೀ ನೋಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ತೂಬು: ಪುಟ ತೆರೆಯುತ್ತದೆಯೇ? ತೆರೆಯುತ್ತದೆ. ಅಂದರೆ ವೆಬ್ ಸರ್ವರ್ ಚೆನ್ನಾಗಿದೆ. ಎರಡನೆಯದು: ಈ ಕಂಪ್ಯೂಟರಿಗೆ ಇಂಟರ್‌ನೆಟ್ ಇದೆಯೇ? ಇದೆ. ಮೂರನೆಯದು: ಬೆಂಗಳೂರಿನ ಯಂತ್ರದ ಹೆಸರು ಹೇಳಿದರೆ ಅದರ ಸಂಖ್ಯೆಯ ವಿಳಾಸ ಸಿಗುತ್ತದೆಯೇ? ಸಿಗುತ್ತದೆ. ನಾಲ್ಕನೆಯದು: ಆ ವಿಳಾಸದಲ್ಲಿ ಡೇಟಾಬೇಸಿನ ಬಾಗಿಲು ತಟ್ಟಿದರೆ? ನಮ್ಮದು ಮೈಎಸ್‌ಕ್ಯೂಎಲ್. ಅದು ಸಾಮಾನ್ಯವಾಗಿ ಕಾಯುವ ಬಾಗಿಲಿನ ಸಂಖ್ಯೆ 3306. ತಟ್ಟಿದೆ. ಕಾದೆ. ಅರ್ಧ ನಿಮಿಷವಾದರೂ ಸದ್ದಿಲ್ಲ.

ಈ ಸದ್ದಿಲ್ಲದಿರುವುದೇ ಒಂದು ಸುದ್ದಿ. ಡೇಟಾಬೇಸ್ ನಿಂತುಹೋಗಿದ್ದರೆ ಆ ಯಂತ್ರವೇ ಸಾಮಾನ್ಯವಾಗಿ 'ಇಲ್ಲಿ ಯಾರೂ ಇಲ್ಲ' ಎಂದು ತಕ್ಷಣ ತಿರುಗಿ ಕಳಿಸುತ್ತದೆ. ಪಾಸ್‌ವರ್ಡ್ ತಪ್ಪಿದ್ದರೆ ಡೇಟಾಬೇಸೇ ಎದ್ದು ಬಂದು 'ನಿನಗೆ ಅನುಮತಿ ಇಲ್ಲ' ಎನ್ನುತ್ತದೆ. ಹೌದು, ಅಲ್ಲ ಎಂಬ ಯಾವ ಉತ್ತರವೂ ಇಲ್ಲ ಎಂದರೆ ನಮ್ಮ ಮಾತು ಅಲ್ಲಿಯವರೆಗೆ ತಲುಪಿಯೇ ಇಲ್ಲ, ನಡುವೆ ಯಾರೋ ತಡೆದಿದ್ದಾರೆ. ಹಿಂದಿನ ರಾತ್ರಿಯೇ ಈ ಮೂರರಲ್ಲಿ ಯಾವುದು ಎಂದು ನೋಡಿದ್ದರೆ ನಾನು ಪಾಸ್‌ವರ್ಡಿನ ತಂಟೆಗೇ ಹೋಗುತ್ತಿರಲಿಲ್ಲ.

ಈಗ ಇನ್ನೊಂದು ತುದಿಯಿಂದ ನೋಡಿದೆ. ಬಾಡಿಗೆ ಕಂಪನಿಯ ನಿರ್ವಹಣಾ ಪುಟದಿಂದ ಬೆಂಗಳೂರಿನ ಯಂತ್ರದೊಳಗೆ ಹೋದರೆ ಡೇಟಾಬೇಸ್ ಹಾಯಾಗಿ ಓಡುತ್ತಿತ್ತು. ಅಷ್ಟೂ ಲೆಕ್ಕ ಭದ್ರ. ಮೇಲೆ ನೀರಿದೆ, ಕೆಳಗೆ ಗದ್ದೆಯಿದೆ. ಉಳಿದದ್ದು ನಡುವಿನ ಕಾವಲು ಗೋಡೆ. ಅದರ ಪಟ್ಟಿಯಲ್ಲಿ ಒಳಗೆ ಬಿಡಬಹುದಾದ ವಿಳಾಸ ಒಂದೇ ಒಂದು, ಸಂಘದ್ದು. ಅದರ ಕೊನೆಯ ಅಂಕಿ 41. ಸಂಘದ ಇಂಟರ್‌ನೆಟ್‌ನ ಆವತ್ತಿನ ವಿಳಾಸ ನೋಡಿದೆ. ಕೊನೆಯ ಅಂಕಿ 118!

ಆಗ ಎಲ್ಲ ಬಿಡಿಸಿಕೊಂಡಿತು. ಸಾಮಾನ್ಯ ಇಂಟರ್‌ನೆಟ್ ಸಂಪರ್ಕಕ್ಕೆ ಕಾಯಂ ವಿಳಾಸ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸ ವಿಳಾಸ ಪಡೆದಿತ್ತು. ಬೆಂಗಳೂರಿನ ಕಾವಲುಗಾರನಿಗೆ ಇವರು ಅಪರಿಚಿತರು. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಬದಲಾಗುವ ವಿಳಾಸವನ್ನು ಕಾಯಂ ಎಂದು ನಂಬಿ ಬರೆದುಕೊಟ್ಟವಳು ನಾನು.

ಪಟ್ಟಿಯಲ್ಲಿ ಹೊಸ ವಿಳಾಸ ಬರೆದೆ. ಪುಟವನ್ನು ಮತ್ತೆ ತೆರೆದರೆ ಈಗ ಕ್ಷಣಾರ್ಧದಲ್ಲಿ ಬೇರೆ ಉತ್ತರ: ಅನುಮತಿ ಇಲ್ಲ! ಗುಮಾಸ್ತರ ಮುಖ ಬಾಡಿತು. ನನಗೆ ಮಾತ್ರ ನಗು. ನೀರು ಕೊನೆಯ ತೂಬಿಗೆ ಬಂದು ನಿಂತಿತ್ತು. ಅದನ್ನು ಮುಚ್ಚಿದ್ದು ಹಿಂದಿನ ರಾತ್ರಿ ನಾನೇ ಬದಲಿಸಿದ ಪಾಸ್‌ವರ್ಡ್. ಸರ್ವರಿನಲ್ಲೂ ಹೊಸದನ್ನೇ ಬರೆದೆ. ಹೆಸರುಗಳು, ಕಾಯಿಗಳು, ರೂಪಾಯಿಗಳು ಸಾಲುಸಾಲಾಗಿ ಬಂದವು. ಗುಮಾಸ್ತರು ಮೊದಲು ಮುದ್ರಿಸಿದ್ದು ಆ ತಾಯಿಯ ಚೀಟಿಯನ್ನು. ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ ನಿಲ್ದಾಣದತ್ತ ಓಡಿದರು. ನಾನು ಕೇಳಬೇಕೆಂದಿದ್ದ ಕ್ಷಮೆ ಬಾಯಲ್ಲೇ ಉಳಿಯಿತು.

ಮುಂದಿನ ವಾರ ಕಾಯಂ ಪರಿಹಾರಕ್ಕೆ ಹೋದೆ. ಎರಡು ಯಂತ್ರಗಳ ನಡುವೆ ವಿಪಿಎನ್ ಹಾಕಿದೆ. ತಂತ್ರಜ್ಞರು ಅದನ್ನು ಸುರಂಗ ಎಂದೇ ಕರೆಯುತ್ತಾರೆ. ಸಂಘದ ವಿಳಾಸ ಏನೇ ಬದಲಾಗಲಿ, ಗುರುತಿನ ಕೀಲಿ ಇರುವವರಿಗೆ ಮಾತ್ರ ಆ ಸುರಂಗದಲ್ಲಿ ದಾರಿ. ಅಪ್ಪನಿಗೆ ಹೇಳಿದರೆ, "ಹುಲಿಕೆರೆ ಸುರಂಗ ಇದ್ದಂಗೆ ಅನ್ನು" ಎಂದರು.

ಆ ರಾತ್ರಿ ಗುಂಡಿ ಒತ್ತಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಲೆಕ್ಕವೂ ಕೂಡಲೇ ಬರುತ್ತಿರಲಿಲ್ಲ, ಏಕೆಂದರೆ ಪಾಸ್‌ವರ್ಡ್ ಕೆಡಿಸಿದ್ದೆ. ಅದು ಸಾಲದೆಂದು, ಇನ್ನೂರು ಚಿಲ್ಲರೆ ಮನೆಗಳ ಬ್ಯಾಂಕ್ ಖಾತೆಯ ವಿವರ ಇರುವ ಕೋಣೆಯ ಗೋಡೆ ಬೀಳುತ್ತಿತ್ತು. ಇಂಥ ತೆರೆದ ಬಾಗಿಲನ್ನು ಹಗಲೂ ರಾತ್ರಿ ಹುಡುಕುತ್ತ ಅಲೆಯುವ ತಂತ್ರಾಂಶಗಳು ಲೋಕದ ತುಂಬ ಇವೆ. ಒಂದು ಗದ್ದೆಗೆ ನೀರು ಹಾಯಿಸಲು ನಾಲೆಯ ಏರಿಯನ್ನೇ ಕಡಿದ ಹಾಗೆ ಆಗುತ್ತಿತ್ತು.

ನಾನು ತೂಬುಗಳ ಪಟ್ಟಿ ಬರೆದ ಹಾಳೆ ಈಗ ಸಂಘದ ಗೋಡೆಯ ಮೇಲಿದೆ. ಅಲ್ಲಿ ಇಂದಿಗೂ ಆಗೊಮ್ಮೆ ಈಗೊಮ್ಮೆ ಸಂಪರ್ಕ ತಪ್ಪುತ್ತದೆ. ಆದರೆ ಕಿಟಕಿಯಿಂದ 'ಸರ್ವರ್ ಬಂದಿಲ್ಲ' ಎಂಬ ಮಾತು ಬರುವುದಿಲ್ಲ. ಗುಮಾಸ್ತರು ಹಾಳೆ ನೋಡಿ ಹೇಳುತ್ತಾರೆ: "ನಮ್ಮ ಇಂಟರ್‌ನೆಟ್ಟೇ ಹೋಗದೆ ಕಣಮ್ಮ. ಲೆಕ್ಕ ಎಲ್ಲ ಬೆಂಗಳೂರಲ್ಲಿ ಭದ್ರವಾಗದೆ. ಊಟ ಮಾಡ್ಕೊಂಡು ಎರಡು ಗಂಟೆಗೆ ಬನ್ನಿ."