ಜಾಲಿ ಮಳೆಗಾಲ, ಜಿಮ್ಯಾಟ್ ಓದು

ಜೂನ್ 1ರಿಂದ ಜುಲೈ 31. ನಮ್ಮ ಕರಾವಳಿಯಲ್ಲಿ ಈ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಜಿಮ್ಯಾಟ್ ಓದಿಗೆ ನಾನು ಇಟ್ಟುಕೊಂಡ ಗಡುವೂ ಅದೇ. ಬೋಟು ಹೊರಡೋದರೊಳಗೆ ಓದಿ ಮುಗಿಸಬೇಕು.

ಭಟ್ಕಳ ಪೇಟೆಯಿಂದ ಕಡಲಿನ ಕಡೆ ಹೋದರೆ ಜಾಲಿ. ಬೇಸಿಗೆಯ ಭಾನುವಾರ ಇಲ್ಲಿನ ಬೀಚಲ್ಲಿ ಬೈಕ್ ನಿಲ್ಲಿಸೋಕೂ ಜಾಗ ಸಿಗಲ್ಲ. ಮಳೆಗಾಲದಲ್ಲಿ ಅಲೆಯ ಸದ್ದು ಬಿಟ್ಟರೆ ಏನಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರು ಬಿಟ್ಟು ಬಂದಿದ್ದೇನೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ ಒಬ್ಬಳೇ. ವಯಸ್ಸು ಮೂವತ್ತು, ಎಂಟು ವರ್ಷದ ಅನುಭವ. ಬೆಂಗಳೂರು ಐಐಎಂನ ಒಂದು ವರ್ಷದ ಇಪಿಜಿಪಿ ನಮ್ಮಂಥವರಿಗೇ ಇರೋದು. ಆದರೆ ಅದಕ್ಕೆ ಕ್ಯಾಂಪಸ್‌ನಲ್ಲೇ ಇರಬೇಕು. ಅಲ್ಲಿಗೆ ವರ್ಕ್ ಫ್ರಮ್ ಹೋಮ್ ಮುಗೀತು. ಇದನ್ನು ಅಮ್ಮನಿಗೆ ನಾನಿನ್ನೂ ಬಿಡಿಸಿ ಹೇಳಿರಲಿಲ್ಲ.

ಪರೀಕ್ಷೆ ಎರಡೂಕಾಲು ಗಂಟೆ, 64 ಪ್ರಶ್ನೆ. ಕ್ವಾಂಟ್, ವರ್ಬಲ್, ಡೇಟಾ ಇನ್‌ಸೈಟ್ಸ್, ತಲಾ 45 ನಿಮಿಷ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ಪ್ರಬಂಧವೂ ಇಲ್ಲ, ಜ್ಯಾಮಿತಿಯೂ ಇಲ್ಲ. ಅಣ್ಣನ ಕಾಲದ ಹಳೇ ಪುಸ್ತಕ ಹಿಡಿದು ಕೂತವರು ಮೊದಲು ಇದನ್ನು ನೋಡಿಕೊಳ್ಳಿ. ನಾನು ಹಾಗೆ ಹತ್ತು ದಿನ ತ್ರಿಕೋನ ಬಿಡಿಸಿದ್ದೇನೆ!

ಇಂಜಿನಿಯರ್‌ಗೆ ಲೆಕ್ಕ ಸುಲಭ ಅಂದುಕೊಂಡಿದ್ದೆ. ಏಟು ಬಿದ್ದಿದ್ದು ಡೇಟಾ ಸಫಿಶಿಯನ್ಸಿಯಲ್ಲಿ. ಉದಾಹರಣೆಗೆ, ಎಕ್ಸ್ ಒಂದು ಪೂರ್ಣಾಂಕ. ಅದು ಸಮಸಂಖ್ಯೆಯೇ? ಹೇಳಿಕೆ ಒಂದು: ಎಕ್ಸ್‌ನ ಮೂರುಪಟ್ಟು ಸಮಸಂಖ್ಯೆ. ಹೇಳಿಕೆ ಎರಡು: ಎಕ್ಸ್ 10ಕ್ಕಿಂತ ದೊಡ್ಡದು. ಇಲ್ಲಿ ಎಕ್ಸ್ ಎಷ್ಟು ಅಂತ ಯಾರೂ ಕೇಳಿಲ್ಲ. ಹೇಳಲು ಮಾಹಿತಿ ಸಾಕೋ ಇಲ್ಲವೋ, ಅಷ್ಟೇ. ಮೊದಲನೇ ಹೇಳಿಕೆಯೊಂದೇ ಸಾಕು, ಮುಂದೆ ಹೋಗಿ. ನಾನೋ, ಪ್ರತಿ ಸಲ ಉತ್ತರ ಹುಡುಕಿ, ತಾಳೆ ನೋಡಿ, ಮೂರು ನಿಮಿಷ ಕಳೆದು ಕೂರುತ್ತಿದ್ದೆ. ಎಂಟು ವರ್ಷ ಬಗ್ ಹುಡುಕಿದ ಚಟ.

ಪಕ್ಕದ ಮನೆ ಮಾವ ಬೋಟಿನಲ್ಲಿ ದುಡಿಯುವವರು. ರಜೆಯಲ್ಲಿ ಜಗಲಿ ಮೇಲೆ ಬಲೆ ರಿಪೇರಿ ಮಾಡ್ತಾ ಕೂತಿರ್ತಾರೆ. "ಎಂತ ತಮ್ಮಾ, ಕೆಲಸ ಉಂಟಲ್ಲ, ಮತ್ತೆ ಪರೀಕ್ಷೆ ಎಂತಕ್ಕೆ?" ಅಂದರು. ಇನ್ನು ಹತ್ತು ವರ್ಷ ಇದೇ ಕೋಡ್ ಬರೀತಾ ಕೂರೋಕೆ ಭಯ ಅಂತ ಹೇಳೋಕಾಗಲಿಲ್ಲ. "ಸಂಬಳ ಜಾಸ್ತಿ ಆಗ್ತದೆ ಮಾವ" ಅಂದೆ. ಅದು ಅವರಿಗೆ ಸರಿ ಕಂಡಿತು.

ಈ ಪರೀಕ್ಷೆಯನ್ನು ಮನೆಯಲ್ಲೇ ಬರೆಯಬಹುದು. ಬಾಗಿಲು ಹಾಕಿದ ಕೋಣೆ, ವೆಬ್‌ಕ್ಯಾಮ್ ಕಾವಲು, ಮಧ್ಯೆ ಯಾರೂ ಒಳಗೆ ಬರಬಾರದು. ಜುಲೈ ಮಧ್ಯದಲ್ಲೊಂದು ಮಾಕ್ ಟೆಸ್ಟ್. 40ನೇ ಪ್ರಶ್ನೆಗೆ ಗುಡುಗು ಬಂತು, ಕರೆಂಟ್ ಹೋಯ್ತು, ನೆಟ್ಟೂ ಹೋಯ್ತು. ಬಾಗಿಲು ತೆರೆದು ದೀಪ ಹಿಡಿದು ಬಂದಳು ಅಮ್ಮ. ಅಸಲಿ ಪರೀಕ್ಷೆಯಾಗಿದ್ದರೆ ಕಥೆ ಅಲ್ಲಿಗೆ ಮುಗೀತಿತ್ತು. ಆ ಕತ್ತಲೆಯಲ್ಲೇ ಅವಳಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಬೇಡ. ಬೆಂಗಳೂರಿಗೇ ಹೋಗಿ ಬರಿ" ಅಂದಳು.

ಪರೀಕ್ಷೆ ಆಗಸ್ಟ್ ಮೊದಲ ವಾರ. ಮಾವನ ಬೋಟೂ ಅಷ್ಟರಲ್ಲಿ ಹೊರಟಿರುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಹೋಗೋದು, ಬರೋದು ಎರಡೂ ಟಿಕೆಟ್ ಮಾಡಿಸಿದ್ದೇನೆ. ಅಮ್ಮ ಕೇಳಿದ್ದು ಬರೋದರ ತಾರೀಕು ಮಾತ್ರ.